ಗಂಜಿ ಕುಡಿದ ಗೋಡೆ

ಈ ಸಲದ ಮಳೆಗೆ ನಮ್ಮ ಮನೆಯ ಗೋಡೆಯೊಳಗೆ ನೀರು ಇಳಿದು, ಸೋಫಾದ ಹಿಂದೆ ಅಂಗೈಯಗಲ ಬೂಷ್ಟು ಎದ್ದಿದೆ. ನಾಳೆ ಮಗಳ ಮನೆಯ ಬೀಗರು ಬರುವವರಿದ್ದಾರೆ. ನಾನೇನು ಮಾಡಿದೆ ಹೇಳಿ? ಬೆಳಿಗ್ಗೆ ಎದ್ದವಳೇ ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದೆ. ಹಾಕಿ ಹಿಂದೆ ಸರಿಯುವಾಗ ಆ ಹಸಿ ವಾಸನೆ ಮೂಗಿಗೆ ಬಡಿಯಿತು ನೋಡಿ, ಸೀದಾ ಕೊಳಕೂರಿನ ಸೋದರಮಾವನ ಪಡಸಾಲೆಗೆ ಹೋಗಿಬಿಟ್ಟೆ.

ಎಂಬತ್ತರ ದಶಕದ ಮಾತು. ಆ ವರ್ಷ ಹೊಳೆ ಉಕ್ಕಿ ಮಾವನ ಮನೆಯೊಳಗೆ ಮೊಣಕಾಲುಮಟ ನೀರು ನಿಂತಿತ್ತು. ನೀರು ಹೋಯಿತು, ಕೆಸರು ಹೋಯಿತು, ಬೂಷ್ಟು ಮಾತ್ರ ಹಬ್ಬ ಮುಗಿದರೂ ಏಳದ ನೆಂಟನ ಹಾಗೆ ಕೂತೇಬಿಟ್ಟಿತು. ಕೌದಿ, ಜಮಖಾನೆ, ಮಾವನ ಚರ್ಮದ ಚಪ್ಪಲಿ, ಯಾವುದನ್ನೂ ಬಿಡಲಿಲ್ಲ. ನಾನಾಗ ಅಲ್ಲೇ ಇದ್ದೆ. ಮಾವನ ಮಗಳು ಶಾಂತಿ ನನ್ನ ಓರಗೆಯವಳು, ಹಬ್ಬಕ್ಕೆಂದು ಮೊದಲೇ ತವರಿಗೆ ಬಂದಿದ್ದಳು. ಇಬ್ಬರೂ ದಿನವಿಡೀ ಮಾಳಿಗೆಯ ಮೇಲೆ ಕೌದಿ ಒಣಹಾಕುವುದು, ಮೋಡ ಕಂಡರೆ ಬಾಚಿ ತರುವುದು. ಆ ಮೆಟ್ಟಿಲು ಹತ್ತಿ ಇಳಿದೇ ನನ್ನ ತೂಕ ಇಳಿದಿತ್ತು. ಆಮೇಲೆಂದೂ ಇಳಿದಿಲ್ಲ.

ಗೋಡೆಗಳು ಮಣ್ಣಿನವು. ಆಯಿ, ಅಂದರೆ ಮಾವನ ತಾಯಿ, ಗೋಡೆಗೆ ಅಂಗೈ ಒತ್ತಿ ನೋಡಿ ಹೇಳಿದ್ದಳು: “ಇನ್ನಾ ಹಸಿ ಅದಪಾ. ಒಣಗಲಿ, ಆಮ್ಯಾಲ ಸುಣ್ಣ ಬಳಿ.”

ಆದರೆ ಮಾವನಿಗೆ ದೀಪಾವಳಿ ಮೈಮೇಲೆ ಬಂದಿತ್ತು. ಶಾಂತಿಯ ಮದುವೆಯಾದ ಮೇಲಿನ ಮೊದಲ ಹಬ್ಬ. ಅಳಿಯ ನರೋಣಾದಿಂದ ಬರುವವನು. ಶಾಂತಿಯ ಅತ್ತೆಯಂತೂ “ಹೊಳಿ ದಂಡಿ ಮಂದಿ, ಮನಿ ತುಂಬ ರಾಡಿ” ಎಂದು ಮದುವೆಯಲ್ಲೇ ಮೂಗು ಮುರಿದವಳು. ಈಗ ಗೋಡೆಯ ಸುದ್ದಿ ಅವಳ ಕಿವಿಗೆ ಬಿದ್ದರೆ ಶಾಂತಿ ಜೀವನವಿಡೀ ಆ ಮಾತು ಕೇಳಬೇಕು. ಹಾಗಾಗಿ ಹಸಿ ಗೋಡೆಗೇ ಸುಣ್ಣ ಬಿತ್ತು. ಬರೀ ಸುಣ್ಣ ಬಳಿದರೆ ಅಳಿಯ ಒರಗಿದಾಗ ಅಂಗಿಗೆ ಹತ್ತೀತು ಎಂದು, ಗಟ್ಟಿಯಾಗಿ ಹಿಡಿಯಲೆಂದು ಮಾವ ಅದಕ್ಕೆ ಒಂದು ಕೊಡ ಗಂಜಿಯನ್ನೂ ಕಲೆಸಿದ. ಬೂಷ್ಟಿಗೆ ಇದಕ್ಕಿಂತ ಹಬ್ಬದೂಟ ಬೇಕೆ?

ಗೋಡೆ ಕೆಲವು ದಿನ ಬೆಳ್ಳಗೆ ಹೊಳೆಯಿತು. ಆಮೇಲೆ ಸರಿಯಾಗಿ ಅಳಿಯನ ಗಾದಿಯ ಹಿಂದೆಯೇ ಹಸಿರು ಮಚ್ಚೆಗಳೆದ್ದವು. ಮೇಲೆ ಥಳುಕು, ಒಳಗೆ ಹುಳುಕು ಅನ್ನುತ್ತಾರಲ್ಲ, ಇಲ್ಲಿ ಹುಳುಕೇ ಮೇಲೆ ಬಂತು. ಮಾವ ಕ್ಯಾಲೆಂಡರ್ ಹಾಕಿದ. ಮಚ್ಚೆ ಕ್ಯಾಲೆಂಡರನ್ನೂ ದಾಟಿತು. ಶಾಂತಿ ಅದರ ಮೇಲೆ ಕೌದಿ ಇಳಿಬಿಟ್ಟಳು. ವಾಸನೆ ಮುಚ್ಚಲು ಲೋಬಾನದ ಹೊಗೆ ಎಷ್ಟು ಹಾಕಿದೆವೆಂದರೆ, ಅಳಿಯ ಕೆಮ್ಮುತ್ತಲೇ ಹೊಸ್ತಿಲು ದಾಟಿದ.

ಹೋಳಿಗೆ ಉಂಡು ಅವನು ಸುಖವಾಗಿ ಹಿಂದಕ್ಕೆ ಒರಗಿದ. ಕೌದಿ ಜಾರಿ ಬಿತ್ತು. ಅವನು ಎದ್ದು ತಿರುಗಿದರೆ ಬಿಳಿ ಅಂಗಿಯ ಬೆನ್ನ ತುಂಬ ಹಸಿರು! ಶಾಂತಿ ಬಾಗಿಲ ಹಿಂದೆ ಕಣ್ಣೊರೆಸಿಕೊಂಡಳು.

“ಹೊಳಿ ಬಂದಿತ್ರೀ ಅಳಿಯಾರ,” ಮಾವ ತಡವರಿಸಿದ. “ಅದಕ್ಕ ಮುಚ್ಚಿದ್ವಿ. ಸಿಟ್ಟಾಗಬ್ಯಾಡ್ರಿ.”

ಅಳಿಯ ಗೋಡೆ ಮುಟ್ಟಿ ನೋಡಿದ. “ಸಿಟ್ಟ್ಯಾಕ್ರಿ ಮಾವಾರ? ನಮ್ಮೂರಾಗ ಗ್ವಾಡಿ ಹಸಿ ಆಗುವಷ್ಟು ಮಳಿ ಬರ್ಲಿ ಅಂತ ಮ್ಯಾಲ ನೋಡ್ಕೋತ ಕುಂದರ್ತೇವಿ. ಒಂದ್ ಕುರ್ಪಿ ಕೊಡ್ರಿ.”

ಹೊಸ ಅಳಿಯ ಹಬ್ಬದ ದಿನ ಮಾವನ ಮನೆಯಲ್ಲಿ ನೀರಿನ ತಂಬಿಗೆಯನ್ನೂ ತಾನಾಗಿ ಎತ್ತುವಂತಿಲ್ಲ. ಮಾವ ಬೇಡವೆಂದು ಕೈಮುಗಿದ. ಆಯಿ ಮಾತ್ರ, “ಕೊಡಲೇ ಕುರ್ಪಿ!” ಎಂದು ಮಗನನ್ನು ಗದರಿದಳು. ಅಳಿಯ ಅಂಗಿ ಬಿಚ್ಚಿಟ್ಟು, ಕಳೆ ತೆಗೆಯುವ ಆ ಕುರ್ಪಿಯಿಂದ ಗಂಜಿ ಸುಣ್ಣ ಕೆರೆಯತೊಡಗಿದ. ಸ್ವಲ್ಪ ಹೊತ್ತಿಗೆ ಮಾವನೂ ಪಕ್ಕದಲ್ಲಿ ಬಂದು ಕೂತ. ಸುಣ್ಣದ ಪುಡಿ ಕೂತು ಇಬ್ಬರ ಮೀಸೆಗಳೂ ಒಂದೇ ವಯಸ್ಸಿನವಾದವು.

ಅತ್ತ ಶಾಂತಿ ಎಷ್ಟು ತಿಕ್ಕಿದರೂ ಅಂಗಿಯ ಕಲೆ ಹೋಗಲಿಲ್ಲ. “ನಿಮ್ಮವ್ವಾರಿಗೆ ಏನ್ ಹೇಳ್ತೀರಿ?” ಎಂದು ಮೆಲ್ಲಗೆ ಕೇಳಿದಳು.

“ಮಾವಾರು ದೀವಳಿಗಿಗೇ ಬಣ್ಣ ಆಡಿಸಿದ್ರು ಅಂತ ಹೇಳ್ತೇನಿ.”

ಆಗ ಶಾಂತಿ ನಕ್ಕ ನಗೆಗೆ ನನಗೆ ಈಗಲೂ ಹೊಟ್ಟೆಕಿಚ್ಚು. ಅಂಥ ಗಂಡ ನನಗೂ ಸಿಗಲೆಂದು ಅವತ್ತೇ ಹರಕೆ ಹೊತ್ತಿದ್ದೆ. ಸಿಕ್ಕವರು ಪಕ್ಕದಲ್ಲೇ ಪೇಪರ್ ಓದುತ್ತ, “ಕ್ಯಾಲೆಂಡರ್ ಸೊಟ್ಟ ಅದ ನೋಡು” ಅನ್ನುತ್ತಿದ್ದಾರೆ.

ನಾನು ಅದನ್ನು ನೆಟ್ಟಗೆ ಮಾಡಲಿಲ್ಲ. ತೆಗೆದು ಕಪಾಟಿನ ಮೇಲಿಟ್ಟೆ, ಸೋಫಾ ಮುಂದಕ್ಕೆ ಎಳೆದೆ, ಕಿಟಕಿ ತೆರೆದೆ. ಬೀಗರು ಬರಲಿ, ನೋಡಲಿ. ಕುರ್ಪಿಯೊಂದನ್ನು ಮಾತ್ರ ಕಣ್ಣಿಗೆ ಬೀಳುವ ಹಾಗೆ ಗೋಡೆಯ ಬುಡದಲ್ಲಿ ಇಟ್ಟಿದ್ದೇನೆ. ಅವರ ಜೊತೆ ನನ್ನ ಅಳಿಯನೂ ಬರುತ್ತಾನೆ.