ಬಿಟ್ಟಿ ಕುಚ್ಚು

ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದನ್ನು ನನಗೆ ಕಲಿಸಿದವರು ಮೇಲಿನ ಮನೆಯ ಅಕ್ಕ. ಬೈಯಪ್ಪನಹಳ್ಳಿಯಲ್ಲಿ ನಾವಿಬ್ಬರೂ ಒಂದೇ ಕಟ್ಟಡದ ಬಾಡಿಗೆದಾರರು. ಕಲಬುರಗಿ ಕಡೆಯ ಅವರು ಮೆಟ್ಟಿಲ ಬೆಳಕಿನಲ್ಲಿ ಕುಳಿತು, ಬೀದಿಯವರ ಸೀರೆಗಳಿಗೆ ಕುಚ್ಚು ಕಟ್ಟಿ ಸಂಸಾರ ತೂಗಿಸುತ್ತಿದ್ದರು. ನಾನು ಇಂದಿರಾನಗರದ ಆಫೀಸಿನಲ್ಲಿ ದಿನವಿಡೀ ಪರದೆ ನೋಡಿ ಬಂದು ಅವರ ಕೆಳಗಿನ ಮೆಟ್ಟಿಲಲ್ಲಿ ಕೂರುತ್ತಿದ್ದೆ. ಕಲಿಸಿ ಎಂದು ನಾನೇ ಕೇಳಿದೆನೋ, ನನ್ನ ಚಡಪಡಿಸುವ ಕೈ ನೋಡಿ ಅವರೇ ದಾರ ಕೊಟ್ಟರೋ, ಈಗ ಖಚಿತವಿಲ್ಲ. ಅವರೇ ಕೊಟ್ಟರು ಎಂದುಕೊಂಡರೆ ನನಗೆ ಅನುಕೂಲ. ಆದ್ದರಿಂದ ಆ ನೆನಪನ್ನು ನಂಬುವುದಿಲ್ಲ.

“ಇಷ್ಟು ಸಡ್ಲ ಬಿಟ್ರ ಲಗ್ನದಾಗ ಬಿಚ್ಚಿ ಬೀಳ್ತದ ತಮ್ಮಾ. ಬಿಗಿ ಹಿಡಿ!”

ರೇಷ್ಮೆ ದಾರವನ್ನು ಬೆರಳಿಗೆ ಸುತ್ತಿ, ಮಡಿಸಿ, ಕುತ್ತಿಗೆ ಬಿಗಿದು, ತುದಿ ಕತ್ತರಿಸಿದರೆ ಒಂದು ಕುಚ್ಚು. ಅಷ್ಟು ಹೊತ್ತು ತಲೆಯೊಳಗಿನ ಗದ್ದಲ ನಿಂತಿರುತ್ತಿತ್ತು. ಭಾನುವಾರ ಶಿವಾಜಿನಗರಕ್ಕೆ ಹೋಗಿ ಬಣ್ಣಬಣ್ಣದ ದಾರ ಆರಿಸಿ ತರುವುದೇ ಒಂದು ಹಬ್ಬವಾಯಿತು. ರೂಮಿಗೆ ಬಂದ ಗೆಳೆಯನೊಬ್ಬ ನೋಡಿ ನಕ್ಕ.

“ಏನ್ ಮಗಾ, ಸೀರೆ ತೊಡೆ ಮೇಲೆ ಹಾಕ್ಕೊಂಡ್ ಕೂತಿದೀಯ? ಹುಡುಗಿ ಎಲ್ಲಿ?”

ಮರುವಾರ ತನ್ನ ಅಮ್ಮನ ಸೀರೆ ತಂದುಕೊಟ್ಟ.

ಗಂಡಸು ಕುಚ್ಚು ಕಟ್ಟುತ್ತಾನೆಂಬುದು ಬೀದಿಗೆಲ್ಲ ಸುದ್ದಿಯಾಯಿತು. ಅಕ್ಕ ವರ್ಷಗಟ್ಟಲೆ ಕಟ್ಟಿದಾಗ ಯಾರೂ ಫೋಟೊ ತೆಗೆದಿರಲಿಲ್ಲ. ನಾನು ಕಟ್ಟುವುದನ್ನು ತೆಗೆದರು. ದುಡ್ಡು ಕೊಡಲು ಬಂದರೆ, “ಅಯ್ಯೋ ಬೇಡ, ಟೈಮ್‌ಪಾಸ್‌ಗೆ ಮಾಡ್ತೀನಿ” ಎನ್ನುತ್ತಿದ್ದೆ. ಹಾಗೆನ್ನುವುದರಲ್ಲೂ ಒಂದು ಸುಖವಿತ್ತು.

ಕಳೆದ ತಿಂಗಳು ಕಟ್ಟಡದ ಓನರ್ ಆಂಟಿ ತಮ್ಮ ಮಗಳ ಮದುವೆಯ ಸೀರೆಗಳ ಗಂಟನ್ನು ನನ್ನ ಮಂಚದ ಮೇಲಿಟ್ಟು ಹೋದರು. ಅಕ್ಕ ಆ ಸೀರೆಗಳಿಗಾಗಿಯೇ ಕಾಯುತ್ತಿದ್ದರು. ತಮ್ಮ ಮಗಳನ್ನು ಕಾಲೇಜಿಗೆ ಸೇರಿಸುವುದು ಆ ಮದುವೆಯ ಕೂಲಿಯಿಂದ ಆಗಬೇಕೆಂದು ಮೆಟ್ಟಿಲ ಮೇಲೆ ಹೇಳಿಕೊಂಡಿದ್ದರು. ನನಗೆ ಗೊತ್ತಿರಲಿಲ್ಲ ಎಂದು ಮೊದಲು ಬರೆದು, ಹೊಡೆದುಹಾಕಿದ್ದೇನೆ.

ಗಂಟು ಹೊತ್ತು ಮೇಲೆ ಹೋದೆ.

“ಅಕ್ಕಾ, ನನ್ ಕೈಲಿ ಆಗಲ್ಲ. ನೀವೇ ಕಟ್ಬಿಡಿ.”

ಅವರು ಗಂಟು ಮುಟ್ಟಲಿಲ್ಲ. “ನಾ ಕಟ್ಟಿದ್ರ ಆಕಿ ರೊಕ್ಕ ಕೊಡ್ತಾಳೇನು? ಪುಕ್ಕಟ ಮಾಡಿಸ್ಕೊಳ್ಳೋ ರೂಢಿ ಓಣಿಗೆಲ್ಲ ನೀನೇ ಹಚ್ಚಿದಿ.”

“ನಾನು ಮಾತಾಡ್ತೀನಿ ಆಂಟಿ ಹತ್ರ.”

“ಏನಂತ? ಪಾಪ ಬಡವಿ, ಏನಾರ ಕೊಡ್ರಿ ಅಂತ?”

ಆದರೂ ಗಂಟು ಹೊತ್ತುಕೊಂಡೇ ಆಂಟಿಯ ಬಳಿ ಹೋದೆ. ಕೂಲಿ ಕೊಟ್ಟು ಅಕ್ಕನ ಕೈಲೇ ಮಾಡಿಸಿ ಎಂದೆ.

“ಅವಸರ ಏನಿಲ್ಲಪ್ಪ, ನಿಧಾನಕ್ಕೆ ಮಾಡು. ನಿಂಗೂ ಟೈಮ್‌ಪಾಸ್ ಆಗುತ್ತಲ್ವಾ?”

ಗಂಟನ್ನು ಅಲ್ಲೇ ಬಿಟ್ಟು ಬರಬಹುದಿತ್ತು. ಆ ರೇಷ್ಮೆಯ ಮೇಲೆ ಕೈಯಾಡಿಸುವ ಆಸೆ ಬಿಡಲಿಲ್ಲ.

ಈಗ ಬಾಗಿಲು ಹಾಕಿಕೊಂಡು ಕಟ್ಟುತ್ತಿದ್ದೇನೆ. ಅಕ್ಕ ಮೆಟ್ಟಿಲಲ್ಲಿ ಕೂರುವುದಿಲ್ಲ. ಬೆಳಿಗ್ಗೆಯೇ ಗಾರ್ಮೆಂಟ್ಸ್ ಕೆಲಸಕ್ಕೆ ಬಸ್ಸು ಹತ್ತುತ್ತಾರೆ. ಅವರ ಮಗಳು ಇನ್ನೂ ಮನೆಯಲ್ಲೇ ಇದ್ದಾಳೆ. ಕುಚ್ಚು ಈಗ ನನಗೆ ಸುಖ ಕೊಡುವುದಿಲ್ಲ ಎಂದು ಬರೆಯಬೇಕೆಂದಿದ್ದೆ. ಹಾಗೆ ಬರೆದರೆ ನನಗೂ ಒಂದಿಷ್ಟು ಶಿಕ್ಷೆಯಾದಂತೆ ಕಾಣುತ್ತಿತ್ತು. ಆದರೆ ನಿನ್ನೆ, ಮದುಮಗಳ ಕೆಂಪು ಸೀರೆ ಹರಡಿಕೊಂಡು ಕೂತವನಿಗೆ, ಊಟದ ಹೊತ್ತು ಮೀರಿದ್ದೇ ತಿಳಿಯಲಿಲ್ಲ.