ಚಿಂಚೋಳಿ ಅಡವಿಯ ಹಂದಿ

ಅತ್ತೆಯ ತವರು ಕೊಡ್ಲಿ ಎಂಬ ಹಳ್ಳಿ. ಮಳೆಗಾಲದ ಕೊನೆಯಲ್ಲಿ ಅಲ್ಲಿಗೆ ಹೋಗಿದ್ದಾಗ, ಒಂದು ದಿನ ಚಿಂಚೋಳಿಯ ಅಡವಿಯೊಳಗೆ ಅಡ್ಡಾಡಿ ಬರೋಣ ಎಂದು ಅವರೇ ನಮ್ಮನ್ನು ಹೊರಡಿಸಿದರು. ಅತ್ತೆ, ನನ್ನ ಗಂಡ, ಎರಡನೇ ಇಯತ್ತೆ ಓದುವ ಮಗಳು, ನಾನು. ಶಹಾಬಾದದಲ್ಲಿ ನನ್ನ ಗಂಡ ಕಲ್ಲು ಪಾಲಿಶ್ ಮಾಡುವ ಮಷೀನಿನ ಮುಂದೆ ದುಡಿಯುತ್ತಾರೆ. ಮನೆಯಲ್ಲೂ ಧೂಳು, ಎದೆಯಲ್ಲೂ ಧೂಳು. ಅಡವಿಯೊಳಗೆ ಕಾಲಿಟ್ಟೊಡನೆ ಅವರು ನಿಂತು ಎದೆತುಂಬ ಉಸಿರೆಳೆದುಕೊಂಡರು.

ದಾರಿ ಸಪಾಟಾಗಿತ್ತು. ಹಳೆಯ ತೇಗ, ಮತ್ತಿ ಮರಗಳ ಬೊಡ್ಡೆಗೆ ಪಾಚಿ ಹತ್ತಿತ್ತು, ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಒಂದು ಮತ್ತಿ ಮರವನ್ನು ಅಪ್ಪ ಮಗಳಿಬ್ಬರೂ ಕೈ ಹಿಡಿದು ತಬ್ಬಿದರೂ ಸುತ್ತು ಮುಗಿಯಲಿಲ್ಲ.

“ನಾ ಸಣ್ಣಾಕಿದ್ದಾಗೂ ಇದು ಇಷ್ಟೇ ದಪ್ಪ ಇತ್ತು,” ಎಂದರು ಅತ್ತೆ.

ಆಗಲೇ ಮುಂದಿನ ತಿರುವಿನಾಚೆ ಚೀರಾಟ ಕೇಳಿಸಿತು. ಯಾರೋ ಹೆಂಗಸನ್ನು ಬಡಿಯುತ್ತಿದ್ದಾರೆಂದು ತಿಳಿದು ನನ್ನ ಗಂಡ ಓಡಿದರು. ನಾವೂ ಹಿಂದೆಯೇ ಹೋದೆವು. ಅಲ್ಲಿದ್ದದ್ದು ಕಾಡುಹಂದಿ. ಮರಕ್ಕೆ ಬಿಗಿದ ತಂತಿಯ ಉರುಲಿನಲ್ಲಿ ಅದರ ಹಿಂಗಾಲು ಸಿಕ್ಕಿತ್ತು. ಜಗ್ಗಿ ಜಗ್ಗಿ ತೊಗಲು ಸುಲಿದು ಎಲುಬು ಕಾಣುತ್ತಿತ್ತು; ಸುತ್ತಲಿನ ಕೆಂಪು ಮಣ್ಣು ಉತ್ತ ಹಾಗಾಗಿತ್ತು.

“ಪಪ್ಪಾ, ಬಿಡಸು ಅದಕ್ಕ,” ಎಂದು ಮಗಳು ಅತ್ತಳು.

ಅತ್ತೆ ಮಗನ ಅಂಗಿ ಹಿಡಿದೆಳೆದರು. “ಹತ್ತರ ಹೋಗಬ್ಯಾಡ! ನೋವಿಗಿ ಹುಚ್ಚ ಹಿಡದದ ಅದಕ್ಕ. ಫಾರೆಸ್ಟಿನವರಿಗಿ ಹೇಳೋಣು, ನಡಿ ಹಿಂದಕ್ಕ.”

ತಿರುಗಿ ನಡೆಯತೊಡಗಿದೆವು. ಬೆನ್ನ ಹಿಂದೆ ಟಪ್ಪೆಂದು ಸದ್ದಾಯಿತು. ತಂತಿ ಹರಿದಿತ್ತು. ಕುಂಟುವ ಪ್ರಾಣಿ ಅಷ್ಟು ಜೋರಾಗಿ ನುಗ್ಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಗಂಡ ಮಗಳನ್ನೆತ್ತಿ ನನ್ನ ಕಡೆ ಒಗೆದರು. ಅಷ್ಟರಲ್ಲಿ ಹಂದಿ ಅವರ ತೊಡೆಗೆ ಕೋರೆ ಹಾಕಿ ಸೀಳಿ ಕೆಡವಿತು. ಅತ್ತೆ ಒಣ ಟೊಂಗೆಯಿಂದ ಅದರ ಬೆನ್ನಿಗೆ ಬಾರಿಸಿದರು. ಟೊಂಗೆ ಮುರಿಯಿತು. ಹಂದಿ ತಿರುಗಿ ಅವರನ್ನೂ ಉರುಳಿಸಿ, ಮುಖಕ್ಕೆ ಅಡ್ಡ ಹಿಡಿದ ಎಡಗೈಯನ್ನು ಕಚ್ಚಿ ಜಾಡಿಸಿತು. ಎಲುಬು ಲಟಕ್ಕೆಂದದ್ದು ನನಗೆ ಕೇಳಿಸಿತು.

ಮಗಳನ್ನು ಮರದ ಹಿಂದೆ ನೂಕಿ ಕಲ್ಲೊಂದನ್ನು ಎತ್ತಿಕೊಂಡೆ. ಎರಡೂ ಕೈಯಿಂದ ಅದರ ಕಿವಿಯ ಹಿಂದೆ ಹೊಡೆದೆ. ಹಂದಿ ಮುಗ್ಗರಿಸಿತು. ಮತ್ತೆ ಹೊಡೆದೆ. ಮಗ್ಗುಲಾಗಿ ಬಿದ್ದು ಕಾಲು ಜಾಡಿಸಿತು. ನನ್ನ ಕೈ ನಿಲ್ಲಲಿಲ್ಲ. ಬಿಸಿ ರಕ್ತ ಮುಖಕ್ಕೆ ಸಿಡಿದು ಬಾಯೆಲ್ಲ ಉಪ್ಪಾಯಿತು. ಎಂದೂ ಆಡದ ಬೈಗುಳಗಳು ಬಾಯಿಂದ ಬರುತ್ತಿದ್ದವು.

“ಸಾಕ್ ಮಾಡು, ಯವ್ವಾ! ಸತ್ತದ ಅದು!” ಮಗಳು ಚೀರಿದಳು.

ನಮ್ಮ ಗದ್ದಲ ಕೇಳಿ ಅರಣ್ಯದ ಕಾವಲುಗಾರರಿಬ್ಬರು ಓಡಿಬಂದರು. ಒಬ್ಬರು ಹಂದಿಯ ತಲೆಯನ್ನು ನೋಡಿ, ನನ್ನನ್ನು ನೋಡಿ, ಮೆಲ್ಲಗೆ ಹೇಳಿದರು: “ಅಕ್ಕಾ, ಕಲ್ಲ ಕೆಳಗ ಇಡ್ರಿ.”

ಆಮೇಲೆ ಸೆರಗು ಹರಿದು ಗಂಡನ ತೊಡೆಗೆ ಬಿಗಿದೆ. ಕಾವಲುಗಾರರ ಜೀಪಿನಲ್ಲೇ ಆಸ್ಪತ್ರೆ ಸೇರಿದೆವು. ತೊಡೆಗೆ ಹೊಲಿಗೆ ಬಿದ್ದವು, ಅತ್ತೆಯ ಕೈಗೆ ಪ್ಲಾಸ್ಟರ್ ಹಾಕಿದರು. ಉರುಲು ಹಾಕಿದವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಗಂಡ ದೀಪಾವಳಿ ಕಳೆದ ಮೇಲೆ ಕುಂಟುತ್ತ ಕೆಲಸಕ್ಕೆ ಹೋದರು.

ಮಗಳು ಮಾತ್ರ ನನ್ನ ಹತ್ತಿರ ಬರಲಿಲ್ಲ. ಅತ್ತೆಯನ್ನು ಅವಳು ಆಯಿ ಎನ್ನುತ್ತಾಳೆ; ಉಂಡರೆ ಆಯಿಯ ಬಲಗೈಯಿಂದ, ಮಲಗಿದರೆ ಆಯಿಯ ಮಗ್ಗುಲಲ್ಲಿ. ನಾನು ರೊಟ್ಟಿ ಬಡಿಯುವಾಗ ದೂರದಿಂದಲೇ ನನ್ನ ಕೈಗಳನ್ನು ನೋಡುತ್ತಿದ್ದಳು. ನಾನೂ ಕರೆಯಲಿಲ್ಲ, ಕರೆದರೆ ಇನ್ನಷ್ಟು ಹೆದರುತ್ತಾಳೇನೋ ಎಂಬ ಅಳುಕು.

ಒಂದು ಮುಂಜಾನೆ ಶಾಲೆಗೆ ಹೊತ್ತಾಗಿತ್ತು. ಆಯಿಗೆ ಒಂದೇ ಕೈಯಿಂದ ಅವಳ ಜಡೆ ಹಾಕಲು ಆಗಲಿಲ್ಲ. ಮಗಳು ಬಾಚಣಿಕೆ ಹಿಡಿದುಕೊಂಡು ಬಂದು ನನ್ನ ಮುಂದೆ ಬೆನ್ನು ತಿರುಗಿಸಿ ಕುಳಿತಳು.

“ಜೋರ ಎಳೀಬ್ಯಾಡ,” ಎಂದಳು.

“ಇಲ್ಲವ್ವಾ,” ಎಂದು ನಾನು ತುದಿಯಿಂದ ಸಿಕ್ಕು ಬಿಡಿಸತೊಡಗಿದೆ.