ಕುತ್ತಿಗೆ ಅಳೆದ ಎಳೆ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ನನಗೆ ಅರೆನಿದ್ದೆ ಖಾತ್ರಿ. ಬೆಳಗಿನಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದ ರಕ್ತದ ಕಣಗಳು ರೆಪ್ಪೆ ಮುಚ್ಚಿದ ಮೇಲೂ ಬಿಟ್ಟು ಹೋಗುವುದಿಲ್ಲ. ಕಿಟಕಿಯಾಚೆ ಶೇಂಗಾ ಹೊಲ, ಬಂಡೆಗುಡ್ಡ, ಸಾವಕಾಶವಾಗಿ ತಿರುಗುವ ಗಾಳಿಯಂತ್ರ. ಅವುಗಳ ಮೇಲೆಲ್ಲ ನೇರಳೆ ಚುಕ್ಕಿಗಳು ತೇಲುತ್ತಿರುತ್ತವೆ. ಹೊರಗಿನದು ಯಾವುದು, ಕಣ್ಣೊಳಗಿನದು ಯಾವುದು ಎಂದು ತಿಳಿಯದ ಹೊತ್ತಿಗೆ ಕಂಡಕ್ಟರ್ ಬಂದು ಎಬ್ಬಿಸುತ್ತಾನೆ.

ನಾನು ರಕ್ತದ ಕಾಯಿಲೆಗಳ ಡಾಕ್ಟರು. ಚಳ್ಳಕೆರೆಯಲ್ಲಿ ಸಣ್ಣದೊಂದು ಆಸ್ಪತ್ರೆ, ವಾರಕ್ಕೊಮ್ಮೆ ಮೊಳಕಾಲ್ಮೂರಿನ ಬಾಡಿಗೆ ಕೋಣೆ. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರೂ ಬರುತ್ತಾರೆ, ಮುಳ್ಳು ಚುಚ್ಚಿದರೆ ರಕ್ತ ನಿಲ್ಲದವರೂ ಬರುತ್ತಾರೆ. ಒಬ್ಬರಿಗೆ ಹೆಪ್ಪಾಗದಿರಲಿ ಎಂದು ಮಾತ್ರೆ, ಪಕ್ಕದವರಿಗೆ ಹೆಪ್ಪಾಗಲಿ ಎಂದು ಸೂಜಿ. ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತು ಮಾತಾಡಿಕೊಂಡು, ಈ ಡಾಕ್ಟರಮ್ಮನಿಗೆ ತಲೆ ನೆಟ್ಟಗಿಲ್ಲ ಎಂಬ ತೀರ್ಮಾನಕ್ಕೆ ಬರುತ್ತಾರೆ. ಸಿಟ್ಟಂತೂ ನನಗೆ ಮೂಗಿನ ತುದಿಯಲ್ಲೇ ಇದೆ. ಅದನ್ನು ಇಡೀ ತಾಲ್ಲೂಕು ಬಲ್ಲದು.

ಒಂದು ಮಧ್ಯಾಹ್ನ ಆ ಬಾಡಿಗೆ ಕೋಣೆಗೆ ತಾಯಿ ಮಗಳು ಬಂದರು. ಇಬ್ಬರೂ ರೇಷ್ಮೆ ಸೀರೆ ನೇಯುವವರು. ಮಗಳಿಗೆ ಮೂವತ್ತರ ಆಸುಪಾಸು. ಸೆರಗು ಸರಿಸಿದಾಗ ಕುತ್ತಿಗೆಯ ಎಡಗಡೆ ಸಾಲಾಗಿ ಗಂಟುಗಳು ಕಂಡವು. ನೋವಿಲ್ಲ, ಅದಕ್ಕೇ ತಡವಾಗಿ ಬಂದಿದ್ದರು. ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಲಿಂಫೋಮಾ ಎಂದು ಬಂತು. ದುಗ್ಧಗ್ರಂಥಿಗಳ ಕ್ಯಾನ್ಸರ್.

“ದೊಡ್ಡ ಕಾಯಿಲೆ, ಆದರೆ ಔಷಧಿಗೆ ಬಗ್ಗುತ್ತದೆ. ಆರು ಸಲ ಚಳ್ಳಕೆರೆಗೆ ಬರಬೇಕು. ನಡುವೆ ಬಿಟ್ಟರೆ ತಿರುಗಿ ಬರುತ್ತದೆ. ಆಗ ಹೀಗೆ ಬಗ್ಗುವುದಿಲ್ಲ, ನಿನ್ನನ್ನು ಉಳಿಸುವುದು ಕಷ್ಟ” ಎಂದು ಮಗಳಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ತಾಯಿ ಮಾತ್ರ ಸೊಂಟದಿಂದ ಒಂದು ಕೆಂಪು ರೇಷ್ಮೆ ಎಳೆ ತೆಗೆದು, ಮಗಳ ಕುತ್ತಿಗೆಗೆ ಸುತ್ತಿ, ತುದಿ ಮುಟ್ಟಿದ ಕಡೆ ಎಳೆಗೆ ಗುರುತಿನ ಗಂಟು ಹಾಕಿದಳು.

ನೇಕಾರರ ಮನೆಯಲ್ಲಿ ಅಳತೆಗೆಲ್ಲ ಎಳೆಯೇ. ಕೂಸಿನ ಉಡಿದಾರಕ್ಕೂ ಎಳೆ, ಬಳೆ ತರಲು ಹೋದರೂ ಮಣಿಕಟ್ಟಿಗೆ ಸುತ್ತಿದ ಎಳೆ.

“ಎಳೆ ಸುಳ್ಳು ಹೇಳಲ್ಲ ಡಾಕ್ಟ್ರಮ್ಮ. ನಿಮ್ ಔಷ್ದಿ ಏನ್ ಮಾಡ್ತೈತೆ ನೋಡ್ತೀನಿ” ಎಂದಳು ತಾಯಿ.

ಮೊದಲ ಸಲ ಔಷಧಿ ಏರಿಸಿದ ಮೇಲೆ ಎಳೆ ಸಡಿಲಾಯಿತು. ತಾಯಿ ಮೊದಲಿನ ಗಂಟಿಗಿಂತ ಒಳಗಡೆಗೆ ಇನ್ನೊಂದು ಗಂಟು ಹಾಕಿದಳು. ಎರಡನೆಯ ಸಲಕ್ಕೆ ಮತ್ತೊಂದು. ಮಗಳ ಕೂದಲು ಉದುರಿತು, ಊಟ ಸೇರಲಿಲ್ಲ, ಆದರೆ ಆ ಎಳೆ ಬಿಚ್ಚಿದಾಗಲೆಲ್ಲ ಮೂವರ ಮುಖವೂ ಅರಳುತ್ತಿತ್ತು. ನನಗೂ ಅದರ ಚಟ ಹತ್ತಿತು. ಬಸ್ಸಿನ ಅರೆನಿದ್ದೆಯಲ್ಲಿ ನೇರಳೆ ಚುಕ್ಕಿಗಳ ನಡುವೆ ಆ ಕೆಂಪು ಎಳೆಯೂ ಸುಳಿದಾಡತೊಡಗಿತು. ಕನಸಿನಲ್ಲಿ ಅದು ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೂ ರಸ್ತೆಯುದ್ದಕ್ಕೆ ಬಿದ್ದಿರುತ್ತಿತ್ತು, ನಮ್ಮ ಬಸ್ಸು ಅದರ ಮೇಲೆ ಸದ್ದಿಲ್ಲದೆ ಜಾರಿ ಹೋಗುತ್ತಿತ್ತು.

ನಾಲ್ಕನೆಯ ಸಲ ಅವರು ಬರಲಿಲ್ಲ. ಫೋನ್ ಮಾಡಿದರೆ ತಾಯಿ “ಬರಲ್ಲ” ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಆ ವಾರ ಮೊಳಕಾಲ್ಮೂರಿನಲ್ಲಿ ರೋಗಿಗಳನ್ನು ಮುಗಿಸಿ, ಮನೆ ಹುಡುಕಿಕೊಂಡು ಹೋದೆ. ಓಣಿಯ ತುಂಬ ಮಗ್ಗಗಳ ಸದ್ದು. ಆ ಮನೆಯದೂ ನಡೆಯುತ್ತಿತ್ತು. ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು, ಮಗ್ಗದ ಗುಂಡಿಯೊಳಗೆ ಕಾಲಿಳಿಬಿಟ್ಟು ನೇಯುತ್ತಿದ್ದಳು. ನನ್ನನ್ನು ಕಂಡು ಲಾಳಿ ನಿಲ್ಲಿಸಿದಳು.

“ನಿಮ್ ಔಷ್ದಿ ಸೋತೋಯ್ತು. ಗಂಟು ಮತ್ತೆ ಬೆಳೀತೈತೆ, ನೋಡ್ರಿ” ಎನ್ನುತ್ತ ತಾಯಿ ಎಳೆ ಸುತ್ತಿದಳು. ನಿಜ. ತುದಿ ಎಳೆಗೆ ಹಾಕಿದ ಕೊನೆಯ ಗಂಟನ್ನು ಮುಟ್ಟಲೇ ಇಲ್ಲ.

ಔಷಧಿ ಸೋತಿತೇ ಎಂದು ನನಗೂ ಹೆದರಿಕೆಯಾಯಿತು. ಬೆರಳಿಟ್ಟು ನೋಡಿದೆ. ಎಡಗಡೆ, ಬಲಗಡೆ, ಕೊರಳೆಲುಬಿನ ಮೇಲೆ, ಕಂಕುಳಲ್ಲಿ. ಎಲ್ಲೂ ಗಂಟಿಲ್ಲ, ಬರೀ ಮೆತ್ತನೆಯ ಮಾಂಸ. ಆಮೇಲೆ ಅವಳ ಮುಖ ನೋಡಿದೆ. ಪೂರಿಯ ಹಾಗೆ ಉಬ್ಬಿತ್ತು. ಔಷಧಿ ಏರಿಸಿದಾಗಲೆಲ್ಲ ಜೊತೆಗೆ ನುಂಗಲು ಕೊಡುವ ಸ್ಟಿರಾಯ್ಡ್ ಮಾತ್ರೆ ಕೆಲವರಿಗೆ ಹೀಗೆ ಮುಖ, ಕುತ್ತಿಗೆ, ಮೈಯನ್ನೆಲ್ಲ ಊದಿಸುತ್ತದೆ. ಹೆದರಿಕೆ ಹೋದ ಜಾಗಕ್ಕೆ ಸಿಟ್ಟು ಬಂತು.

“ಯಾವುದು ಗಂಟು, ಯಾವುದು ಮಾಂಸ ಅಂತ ನಿಮ್ಮ ಎಳೆಗೆ ಗೊತ್ತೇನ್ರಿ? ಇದನ್ನು ನಂಬಿ ಮಗಳನ್ನು ಕೊಲ್ತೀರಾ?” ಎಂದು ತಾಯಿಯ ಮೇಲೆ ಕೂಗಾಡಿದೆ.

ಉತ್ತರ ಮಗಳಿಂದ ಬಂತು. “ಅವ್ವಂಗೆ ಬೈಬ್ಯಾಡ್ರಿ. ಬರಲ್ಲ ಅಂದಿದ್ದು ನಾನು. ಸಾಯೋದೇ ಆದ್ರೆ ಅಲ್ಲಿ ವಾಂತಿ ಮಾಡ್ಕಂತ ಯಾಕ್ ಸಾಯ್ಲಿ? ಇಲ್ಲೇ ಮಗ್ಗದಾಗೆ ಕುಂತು ಸಾಯ್ತೀನಿ.”

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಮಗ್ಗದ ಅಂಚಿನಲ್ಲಿ ಅವಳ ಪಕ್ಕವೇ ಕೂತೆ. ತುಂಬ ದುಃಖವಾಯಿತು. ಅವಳ ಕೈ ಹಾಸಿನ ಎಳೆಗಳ ಮೇಲಿತ್ತು, ಗಾಜಿನ ಬಳೆ ಚರ್ಮಕ್ಕೆ ಒತ್ತಿಕೊಂಡು ಕೂತಿತ್ತು.

“ಈ ಬಳೆ ತೆಗಿ ನೋಡೋಣ.”

ತಿರುಗಿಸಿದಳು, ಎಳೆದಳು. ಜಗ್ಗಲಿಲ್ಲ.

“ಮೊನ್ನೆವರೆಗೂ ಆಡ್ತಿತ್ತು” ಎಂದಳು.

“ಹಾಗಾದರೆ ಮಣಿಕಟ್ಟಿಗೂ ಕ್ಯಾನ್ಸರ್ ಬಂತೇನೇ?”

ಅವಳು ಬಳೆಯನ್ನೇ ನೋಡುತ್ತ ಕೂತಳು. ಆಮೇಲೆ ನಕ್ಕಳು, ನಗುತ್ತಲೇ ಅತ್ತಳು. ಊದಿರುವುದು ಮಾತ್ರೆಯಿಂದ, ಮಾತ್ರೆ ನಿಂತ ಮೇಲೆ ಇಳಿಯುತ್ತದೆ ಎಂದು ಬಿಡಿಸಿ ಹೇಳಿದೆ. ತಾಯಿಯ ಕೈ ಹಿಡಿದು ಮಗಳ ಕುತ್ತಿಗೆಯ ಮೇಲಿಟ್ಟು, “ಎಳೆ ಬೇಡ, ಬೆರಳಿಂದ ಹುಡುಕಿ. ಮೊದಲಿದ್ದ ಗಂಟು ಸಿಕ್ಕರೆ ಹೇಳಿ” ಎಂದೆ. ಆಕೆ ಕಣ್ಣು ಮುಚ್ಚಿ ಹುಡುಕಿದಳು. ಓಣಿಯ ಮಗ್ಗಗಳ ಸದ್ದು ದೂರ ಸರಿದು, ಇಡೀ ಊರು ತೂಕಡಿಸುತ್ತಿದೆ ಅನ್ನಿಸಿತು ನನಗೆ. ಕೊನೆಗೆ ತನ್ನಷ್ಟಕ್ಕೆ ಮನೆಯ ತೆಲುಗಿನಲ್ಲಿ “ಏಮೀ ಲೇದು” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಏನೂ ಇಲ್ಲ ಡಾಕ್ಟ್ರಮ್ಮ. ನಾಳೆನೇ ಬರ್ತೀವಿ.”

ಬಂದರು. ಆರೂ ಸಲ ಮುಗಿಯಿತು, ಸ್ಕ್ಯಾನ್‌ನಲ್ಲೂ ಕಾಯಿಲೆ ಕಾಣಲಿಲ್ಲ. ಕೆಲವು ತಿಂಗಳ ಮೇಲೆ ಮತ್ತೆ ತೋರಿಸಲು ಬಂದಾಗ ಮಗಳ ತಲೆಯಲ್ಲಿ ಗಿಡ್ಡ ಕೂದಲು ಚಿಗುರಿತ್ತು, ಬಳೆ ಮೊಣಕೈವರೆಗೆ ಆಡುತ್ತಿತ್ತು. ನಾನು ಕುತ್ತಿಗೆ ಮುಟ್ಟಿ ನೋಡಿ ಸರಿಯಿದೆ ಎಂದೆ. ಮಗಳು ಹೊರಗೆ ಹೋದಳು, ತಾಯಿ ಏಳಲಿಲ್ಲ.

“ನಿಮ್ದೂ ಕೊಡ್ರಿ, ನೋಡ್ತೀನಿ.”

“ಏನು?”

“ಕುತ್ಗೆ. ಊರೋರ್ದೆಲ್ಲ ನೀವ್ ನೋಡ್ತೀರಿ. ನಿಮ್ದು ಯಾರ್ ನೋಡ್ತಾರೆ?”

ನಕ್ಕು ಕಳಿಸಬಹುದಿತ್ತು. ಯಾಕೋ ಸೆರಗು ಸರಿಸಿ ಕೂತೆ. ಆಕೆ ಎಳೆ ತೆಗೆಯಲಿಲ್ಲ. ನಾನು ತೋರಿಸಿಕೊಟ್ಟ ಹಾಗೇ ಒರಟು ಬೆರಳುಗಳು ಎಡಗಡೆ, ಬಲಗಡೆ, ಕೊರಳೆಲುಬಿನ ಮೇಲೆ ನಿಧಾನವಾಗಿ ಸರಿದವು. ಒಂದು ಕಡೆ ಬಂದು ನಿಂತವು. ಅಲ್ಲೇ ಮತ್ತೊಮ್ಮೆ ಒತ್ತಿದವು. ನನಗೆ ನಿಜಕ್ಕೂ ಹೆದರಿಕೆಯಾಯಿತು.

“ಏಮೀ ಲೇದು” ಎಂದಳು.

ನಾನು ಉಸಿರು ಬಿಟ್ಟೆ.